ಹದ್ದು, ಸಾಳುವ, ಗರುಡ: ಕನ್ನಡದಲ್ಲಿ ಬೇಟೆಹಕ್ಕಿಗಳ ಹೆಸರುಗಳ ನಾನಾರ್ಥ ಮತ್ತು ಸಮರೂಪತೆ

ಸಾರಾಂಶ

ಕನ್ನಡದಲ್ಲಿ ಬೇಟೆಹಕ್ಕಿಗಳ ಹೆಸರುಗಳು ಹಕ್ಕಿಯನ್ನಷ್ಟೇ ಸೂಚಿಸುವುದಿಲ್ಲ. ಹೊಲದ ಗಡಿ, ರಾಜಮನೆತನ, ಅಂಗರಕ್ಷಕ ಪಡೆ, ಹಾವಾಡಿಸುವವನು, ಕಟ್ಟುನಿಟ್ಟಿನ ಕಾವಲು ಇವೆಲ್ಲವೂ ಆ ಹೆಸರುಗಳ ವ್ಯಾಪ್ತಿಯೊಳಗೆ ಬರುವಂತೆ ಕಾಣುತ್ತವೆ. ಈ ಬಳಕೆಗಳು ಮೇಲುನೋಟಕ್ಕೆ ಒಂದೇ ಬಗೆಯವು. ಆದರೆ ಅವು ಹುಟ್ಟಿದ ದಾರಿಗಳು ಬೇರೆ ಬೇರೆ: ಅರ್ಥವಿಸ್ತಾರ, ಎರವಲಿನಿಂದಾದ ಸಮರೂಪತೆ ಮತ್ತು ಅಂಕಿತನಾಮವಾಗುವಿಕೆ. ಹದ್ದು, ಸಾಳುವ, ಗರುಡ ಎಂಬ ಮೂರು ಪದಗಳ ಇತಿಹಾಸವನ್ನು ಪರಿಶೀಲಿಸಿ ಈ ದಾರಿಗಳನ್ನು ಗುರುತಿಸುವ ಸರಳ ಪರೀಕ್ಷೆಗಳನ್ನು ಲೇಖನವು ಸೂಚಿಸುತ್ತದೆ. ಈ ಭೇದವು ನಿಘಂಟು ರಚನೆಗೆ, ಭೂದಾಖಲೆಗಳ ಅನುವಾದಕ್ಕೆ ಹಾಗೂ ಪಕ್ಷಿಸಂರಕ್ಷಣೆಯ ಸಂವಹನಕ್ಕೆ ಏಕೆ ಮುಖ್ಯ ಎಂಬುದನ್ನು ಕೊನೆಯಲ್ಲಿ ಚರ್ಚಿಸಲಾಗಿದೆ.

ಕೀಲಿಪದಗಳು: ನಾನಾರ್ಥ, ಸಮರೂಪತೆ, ಧ್ವನಿಬದಲಾವಣೆ, ಎರವಲು ಪದ, ಅಂಕಿತನಾಮ, ನಿಘಂಟುಶಾಸ್ತ್ರ

1. ಪ್ರಸ್ತಾವನೆ

ಕೆಳಗಿನ ನಾಲ್ಕು ವಾಕ್ಯಗಳನ್ನು ಈ ಚರ್ಚೆಗಾಗಿ ರಚಿಸಿಕೊಳ್ಳಲಾಗಿದೆ. ಹುಬ್ಬಳ್ಳಿ–ಧಾರವಾಡ ಪರಿಸರದ ಕನ್ನಡ ಭಾಷಿಕರು ಇವನ್ನು ತಡವರಿಸದೆ ಅರ್ಥಮಾಡಿಕೊಳ್ಳುತ್ತಾರೆ.

(1) ಕೋಳಿಮರಿಯನ್ನು ಹದ್ದು ಎತ್ತಿಕೊಂಡು ಹೋಯಿತು.
(2) ಹೊಲದ ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೇವೆ.
(3) ಹದ್ದು ಮೀರಿ ಮಾತಾಡಬ್ಯಾಡ.
(4) ಗಡಿಯಲ್ಲಿ ಪೊಲೀಸರು ಹದ್ದಿನ ಕಣ್ಣಿಟ್ಟಿದ್ದಾರೆ.

ನಾಲ್ಕರಲ್ಲಿಯೂ ‘ಹದ್ದು’ ಎಂಬ ರೂಪವಿದೆ. ಮೊದಲನೆಯದರಲ್ಲಿ ಅದು ಹಕ್ಕಿ. ಎರಡನೆಯದರಲ್ಲಿ ಭೂಮಿಯ ಎಲ್ಲೆ. ಮೂರನೆಯದರಲ್ಲಿ ನಡತೆಯ ಮಿತಿ. ನಾಲ್ಕನೆಯದರಲ್ಲಿ ಅದು ಮತ್ತೆ ಹಕ್ಕಿಯೇ. ಆದರೆ ಅಲ್ಲಿ ಹಕ್ಕಿ ಇಲ್ಲ, ಅದರ ನೋಟದ ಗುಣ ಮಾತ್ರ ಇದೆ. ವಾಕ್ಯವು ಗಡಿಯನ್ನು ಕುರಿತದ್ದಾದ್ದರಿಂದ ಎಲ್ಲೆಯ ಅರ್ಥವೂ ಅಲ್ಲಿ ಸುಳಿದಂತೆ ತೋರಬಹುದು.

ಒಂದು ಪದಕ್ಕೆ ಹಲವು ಅರ್ಥಗಳಿರುವ ಸಂಗತಿ ನಮ್ಮ ನಿಘಂಟು ಪರಂಪರೆಗೆ ಹೊಸದಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥ ವರ್ಗವೇ ಇದೆ. ಆದರೆ ನಾನಾರ್ಥ ಎಂಬ ಪರಿಕಲ್ಪನೆ ಎರಡು ಭಿನ್ನ ಸ್ಥಿತಿಗಳನ್ನು ಒಟ್ಟಿಗೆ ಹಿಡಿಯುತ್ತದೆ. ಒಂದೇ ಪದ ಬಳಕೆಯಲ್ಲಿ ಬೆಳೆದು ಹಲವು ಅರ್ಥಗಳನ್ನು ಪಡೆದಿರಬಹುದು. ಇದನ್ನು ಈ ಲೇಖನದಲ್ಲಿ ಬಹ್ವರ್ಥತೆ ಎಂದು ಕರೆಯಲಾಗಿದೆ. ಮೂಲದಲ್ಲಿ ಸಂಬಂಧವೇ ಇಲ್ಲದ ಎರಡು ಪದಗಳು ಧ್ವನಿಬದಲಾವಣೆಯಿಂದಲೋ ಎರವಲಿನಿಂದಲೋ ಒಂದೇ ರೂಪಕ್ಕೆ ಬಂದು ನಿಂತಿರಬಹುದು. ಇದು ಸಮರೂಪತೆ. ಮೊದಲನೆಯದಕ್ಕೆ ನಿಘಂಟಿನಲ್ಲಿ ಒಂದು ನಮೂದು ಸಾಕು. ಎರಡನೆಯದಕ್ಕೆ ಎರಡು ಬೇಕು. ಸಾಮಾನ್ಯನಾಮವು ಅಂಕಿತನಾಮವಾಗಿ ಮಾರ್ಪಟ್ಟು ಮೂಲ ವಸ್ತುವಿನಿಂದ ಕಳಚಿಕೊಳ್ಳುವುದು ಮೂರನೆಯ ಸ್ಥಿತಿ. ಬೇಟೆಹಕ್ಕಿಗಳ ಹೆಸರುಗಳಲ್ಲಿ ಈ ಮೂರೂ ದೊರೆಯುತ್ತವೆ.

2. ಹಕ್ಕಿಯ ‘ಹದ್ದು’: ಒಳಗಿನಿಂದ ಬಂದ ರೂಪ

ಹಕ್ಕಿಯನ್ನು ಹೇಳುವ ‘ಹದ್ದು’ ದ್ರಾವಿಡ ಮೂಲದ ಪದ. ಹಳಗನ್ನಡದಲ್ಲಿ ಅದರ ರೂಪ ‘ಪರ್ದು’. ತಮಿಳು ಮತ್ತು ಮಲಯಾಳಂಗಳಲ್ಲಿ ಇದರ ಜ್ಞಾತಿಪದವಾದ ‘ಪರುಂದು’ ಇಂದಿಗೂ ಬಳಕೆಯಲ್ಲಿದೆ. ತಮಿಳಿನ ‘ರುಂದು’ ಎಂಬ ಅಂತ್ಯಕ್ಕೆ ಹಳಗನ್ನಡದಲ್ಲಿ ‘ರ್ದು’, ಮುಂದಿನ ಕನ್ನಡದಲ್ಲಿ ‘ದ್ದು’ ಎಂಬ ಸಂವಾದವು ಈ ಒಂದು ಪದಕ್ಕೆ ಸೀಮಿತವಲ್ಲ:

(5) ತಮಿಳು ಮರುಂದು : ಹಳಗನ್ನಡ ಮರ್ದು : ಹೊಸಗನ್ನಡ ಮದ್ದು
(6) ತಮಿಳು ಇರುಂದು : ಹಳಗನ್ನಡ ಇರ್ದು : ಹೊಸಗನ್ನಡ ಇದ್ದು
(7) ತಮಿಳು ಪರುಂದು : ಹಳಗನ್ನಡ ಪರ್ದು : ಹೊಸಗನ್ನಡ ಹದ್ದು

(5) ನಾಮಪದ, (6) ಕ್ರಿಯಾರೂಪ. ಎರಡರಲ್ಲಿಯೂ ಒಂದೇ ಬಗೆಯ ಸಂವಾದ ಕಾಣುವುದರಿಂದ ಇದು ಆಕಸ್ಮಿಕ ಹೋಲಿಕೆಯಲ್ಲ, ನಿಯಮಬದ್ಧ ಧ್ವನಿಸಂಬಂಧ ಎನ್ನಬಹುದು. (7)ರಲ್ಲಿ ಇದರೊಂದಿಗೆ ಇನ್ನೊಂದು ಬದಲಾವಣೆಯೂ ಸೇರಿಕೊಂಡಿದೆ. ಪದಾದಿಯ ಪಕಾರವು ಹಕಾರವಾಗುವ ಈ ಬದಲಾವಣೆ ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿ ನಡುಗನ್ನಡದ ಕಾಲಕ್ಕೆ ವ್ಯಾಪಕವಾಯಿತು. ಪಾಲ್–ಹಾಲು, ಪುಲಿ–ಹುಲಿ, ಪಲ್–ಹಲ್ಲು, ಪೂ–ಹೂ ಇವೆಲ್ಲ ಅದೇ ದಾರಿಯಲ್ಲಿ ಬಂದವು. ಸಂಸ್ಕೃತದ ‘ಪಕ್ಷಿ’ಯಿಂದ ಬಂದ ‘ಪಕ್ಕಿ’ ಎಂಬ ತದ್ಭವವೂ ‘ಹಕ್ಕಿ’ ಆಯಿತು. ಹೀಗೆ ‘ಹದ್ದು’ ಎಂಬ ರೂಪವು ಕನ್ನಡದ ಒಳಗಿನ ಎರಡು ಬದಲಾವಣೆಗಳ ಫಲ. ಹಕಾರವೂ ಹಳೆಯದಲ್ಲ, ದ್ವಿತ್ವ ದಕಾರವೂ ಹಳೆಯದಲ್ಲ.

3. ಎಲ್ಲೆಯ ‘ಹದ್ದು’: ಹೊರಗಿನಿಂದ ಬಂದ ರೂಪ

(2) ಮತ್ತು (3)ರ ‘ಹದ್ದು’ ಬೇರೆಯೇ ಪದ. ಅಂಚು, ಎಲ್ಲೆ, ಮಿತಿ ಎಂಬ ಅರ್ಥದ ಅರಬಿ ‘ಹದ್ದ್’ ಇದರ ಮೂಲ. ಅದು ಪಾರಸಿಯ ಮೂಲಕ ಭಾರತದ ಆಡಳಿತ ಭಾಷೆಗಳನ್ನು ಸೇರಿತು. ಹಿಂದಿ–ಉರ್ದುಗಳಲ್ಲಿ ‘ಹದ್’, ಮರಾಠಿಯಲ್ಲಿ ‘ಹದ್ದ’ ಎಂಬ ರೂಪಗಳಿವೆ. ಧಾರವಾಡ ಸೀಮೆಯು ಬಿಜಾಪುರದ ಆದಿಲ್‌ಶಾಹಿ, ಮರಾಠರ ಆಳ್ವಿಕೆ, ಅನಂತರ ಮುಂಬಯಿ ಪ್ರಾಂತದ ಆಡಳಿತ ಇವುಗಳಿಗೆ ಅನುಕ್ರಮವಾಗಿ ಒಳಪಟ್ಟದ್ದು. ಆದ್ದರಿಂದ ಪಾರಸಿ, ಉರ್ದು, ಮರಾಠಿಗಳು ಈ ಪದವನ್ನು ಒಂದರ ಮೇಲೊಂದರಂತೆ ಇಲ್ಲಿನ ಕನ್ನಡಕ್ಕೆ ಒಪ್ಪಿಸಿವೆ ಎಂದು ಭಾವಿಸುವುದು ಯುಕ್ತ. ಕನ್ನಡವು ತನ್ನ ಪದರಚನೆಗೆ ತಕ್ಕಂತೆ ಕೊನೆಯಲ್ಲಿ ಉಕಾರ ಸೇರಿಸಿ ‘ಹದ್ದು’ ಎಂದಿತು. ಸರಹದ್ದು, ಹದ್ದುಬಸ್ತು ಎಂಬ ಪದಗಳು ಇದೇ ಕುಟುಂಬದವು. ಹೊಲದ ಗಡಿಯನ್ನು ಅಳೆದು ಗುರುತಿಸಿಕೊಡುವ ಕೆಲಸಕ್ಕೆ ಭೂಮಾಪನ ಇಲಾಖೆಯ ಕಾಗದಪತ್ರಗಳಲ್ಲಿ ಹದ್ದುಬಸ್ತು ಎಂದೇ ಹೆಸರು. ಪೋಡಿ, ಪಹಣಿ, ಮೋಜಣಿಗಳ ಜೊತೆಗೆ ರೈತರ ಬಾಯಲ್ಲಿ ಅದು ನಿತ್ಯದ ಮಾತು. ‘ಹದ್ದುಬಸ್ತಿನಲ್ಲಿಡು’ ಎಂದಾಗ ಆ ಕಂದಾಯದ ಪದ ಲಾಕ್ಷಣಿಕವಾಗಿ ‘ಅಂಕೆಯಲ್ಲಿಡು’ ಎಂಬ ಅರ್ಥ ಪಡೆಯುತ್ತದೆ.

ಕಾಲಾನುಕ್ರಮ ಇಲ್ಲಿ ಗಮನಾರ್ಹ. ಹಕ್ಕಿಯ ಹೆಸರು ‘ಪರ್ದು’ ಆಗಿಯೇ ಉಳಿದಿದ್ದರೆ ಎರಡೂ ಪದಗಳು ಎಂದಿಗೂ ಸಂಧಿಸುತ್ತಿರಲಿಲ್ಲ. ‘ಪರುಂದು’ವನ್ನು ಉಳಿಸಿಕೊಂಡ ತಮಿಳಿನಲ್ಲಿ ಈ ಗೊಂದಲಕ್ಕೆ ಅವಕಾಶವೇ ಇಲ್ಲ. ಕನ್ನಡದಲ್ಲಿ ಪಕಾರವು ಹಕಾರವಾದ ಮೇಲೆ ದೇಶ್ಯ ಪದಗಳಿಗೆ ಹಕಾರಾದಿಯ ಒಂದು ದೊಡ್ಡ ವರ್ಗ ಏರ್ಪಟ್ಟಿತು. ಅದೇ ವರ್ಗದೊಳಕ್ಕೆ ಪಾರಸಿ–ಅರಬಿ ಮೂಲದ ಹಕಾರಾದಿ ಪದಗಳು ಬಂದು ಸೇರಿದವು. ದೇಶ್ಯ ‘ಹಾಲು’ವಿನ ಪಕ್ಕದಲ್ಲಿ ‘ಸದ್ಯದ’ ಎಂಬ ಅರ್ಥದ ‘ಹಾಲಿ’, ತದ್ಭವ ‘ಹಕ್ಕಿ’ಯ ಪಕ್ಕದಲ್ಲಿ ಅಧಿಕಾರಾರ್ಥದ ‘ಹಕ್ಕು’ ನಿಂತವು. ಈ ಜೋಡಿಗಳಲ್ಲಿ ಕೊನೆಯ ಸ್ವರವಾದರೂ ಭಿನ್ನ. ‘ಹದ್ದು’ವಿನಲ್ಲಿ ಆ ಭೇದವೂ ಉಳಿಯಲಿಲ್ಲ.

ರೂಪ ಪೂರ್ತಿ ಒಂದೇ ಆದರೂ ಮಾತಿನಲ್ಲಿ ಗೊಂದಲ ಏಕಾಗುವುದಿಲ್ಲ? ಸಹಪ್ರಯೋಗವೇ ಇದಕ್ಕೆ ಉತ್ತರ. ಹಕ್ಕಿಯ ಹದ್ದು ಹಾರುತ್ತದೆ, ಸುಳಿಯುತ್ತದೆ, ಎರಗುತ್ತದೆ. ಎಲ್ಲೆಯ ಹದ್ದನ್ನು ಮೀರುತ್ತಾರೆ, ದಾಟುತ್ತಾರೆ, ಗುರುತಿಸುತ್ತಾರೆ. ವಿಭಕ್ತಿರೂಪಗಳು ನೆರವಿಗೆ ಬರುವುದಿಲ್ಲ. ‘ಹದ್ದಿನ’ ಎಂಬ ಷಷ್ಠಿ ಎರಡಕ್ಕೂ ಸಮಾನ. ಆದ್ದರಿಂದಲೇ ಕ್ರಿಯಾಪದವಿಲ್ಲದ ಸಮಾಸಗಳಲ್ಲಿ ಸಂದೇಹ ತಲೆದೋರುತ್ತದೆ.

ಅಂತಹ ಸಂದೇಹವನ್ನು ಪರಿಹರಿಸಲು ಆದೇಶ ಪರೀಕ್ಷೆ ಉಪಯುಕ್ತ. ಪದವನ್ನು ತೆಗೆದು ಅದರ ಸಮಾನಾರ್ಥಕವನ್ನು ಇಟ್ಟು ನೋಡಬೇಕು. ‘ಹದ್ದು ಮೀರು’ ಎಂಬಲ್ಲಿ ಎಲ್ಲೆ ಮೀರು, ಮಿತಿ ಮೀರು ಎಂದು ಹೇಳಬಹುದು. ‘ಗಿಡುಗ ಮೀರು’ ಎಂಬುದು ಕನ್ನಡವಲ್ಲ. ‘ಹದ್ದಿನ ಕಣ್ಣು’ ಎಂಬಲ್ಲಿ ಗಿಡುಗನ ಕಣ್ಣು, ಗರುಡದೃಷ್ಟಿ ಎಂದರೂ ಭಾವ ಕೆಡದು. ‘ಎಲ್ಲೆಯ ಕಣ್ಣು’ ಎಂದರೆ ಅರ್ಥವೇ ಇಲ್ಲ. ಆದ್ದರಿಂದ (4) ಹಕ್ಕಿಯ ಹದ್ದಿನ ಬಹ್ವರ್ಥತೆ. ಅದು ಗಡಿಯ ಸುದ್ದಿಗಳಲ್ಲಿ ಹೆಚ್ಚು ಒಗ್ಗಿಕೊಳ್ಳಲು ಎಲ್ಲೆಯ ಹದ್ದಿನ ಪ್ರತಿಧ್ವನಿಯೂ ಕಾರಣವಾಗಿರಬಹುದು. ಸಮರೂಪ ಪದಗಳು ಮೂಲದಲ್ಲಿ ಬೇರೆಯಾಗಿದ್ದರೂ ಭಾಷಿಕರ ಮನಸ್ಸಿನಲ್ಲಿ ಒಂದನ್ನೊಂದು ತಾಗುತ್ತವೆ.

4. ಸಾಳುವ: ಹಕ್ಕಿಯಿಂದ ಮನೆತನಕ್ಕೆ

‘ಸಾಳುವ’ ಎಂಬ ಪದಕ್ಕೆ ಕನ್ನಡ ಮತ್ತು ತೆಲುಗುಗಳಲ್ಲಿ ಬೇಟೆಗೆ ಬಳಸುವ ಗಿಡುಗ ಎಂಬ ಅರ್ಥವಿದೆ. ಗಿಡುಗಗಳನ್ನು ಪಳಗಿಸಿ ಬೇಟೆಯಾಡುವುದು ಈ ನಾಡಿನ ಅರಸರ ವಿನೋದಗಳಲ್ಲಿ ಒಂದಾಗಿತ್ತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದವೂ ನಿರೂಪಿತವಾಗಿದೆ. ಬೇಟೆಹಕ್ಕಿಯ ವೇಗ ಮತ್ತು ಗುರಿ ಯೋಧನಿಗೆ ಹೊಗಳಿಕೆಯಾಗಿ ಒದಗುವುದು ಅಂತಹ ಪರಿಸರದಲ್ಲಿ ಸಹಜ.

ವಿಜಯನಗರದ ಇತಿಹಾಸದಲ್ಲಿ ಈ ಪದ ಮನೆತನದ ಹೆಸರಾಗಿ ನೆಲೆಗೊಂಡಿತು. 1485ರ ಸುಮಾರಿಗೆ ಸಾಳುವ ನರಸಿಂಹನು ಸಿಂಹಾಸನವನ್ನು ವಶಪಡಿಸಿಕೊಂಡ ಮೇಲೆ ಆ ವಂಶಕ್ಕೆ ಸಾಳುವ ವಂಶವೆಂದೇ ಹೆಸರಾಯಿತು. ಕೃಷ್ಣದೇವರಾಯನ ಮಂತ್ರಿ ತಿಮ್ಮರಸನ ಹೆಸರಿನೊಂದಿಗೂ ಇದೇ ಪದವಿದೆ. ಧಾರವಾಡಕ್ಕೆ ಪಶ್ಚಿಮದಲ್ಲಿರುವ ಇಂದಿನ ಉತ್ತರ ಕನ್ನಡದ ಗೇರುಸೊಪ್ಪೆ–ಹಾಡುವಳ್ಳಿಗಳನ್ನು ಆಳಿದವರೂ ಸಾಳುವರೇ. 16ನೆಯ ಶತಮಾನದ ರಾಣಿ ಚೆನ್ನಭೈರಾದೇವಿ ಆ ಮನೆತನದವಳು.

ಕನ್ನಡ ವ್ಯಾಕರಣ ಪರಂಪರೆಯು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಭಾಗಿಸುತ್ತದೆ. ಸಾಳುವ ಪದವು ಈ ಮೂರನ್ನೂ ದಾಟಿ ಬಂದಿರುವುದನ್ನು ಆ ಪರಿಭಾಷೆಯಿಂದಲೇ ವಿವರಿಸಬಹುದು. ಹಕ್ಕಿಯ ಹೆಸರಾಗಿ ಅದು ರೂಢನಾಮ. ಗಿಡುಗನಂತೆ ಎರಗುವವನು ಎಂಬ ಬಿರುದಾಗಿ ಅದು ಅನ್ವರ್ಥನಾಮ. ತಲೆಮಾರುಗಳಿಗೆ ಹರಿದು ಬಂದ ಮನೆತನದ ಹೆಸರಾಗಿ ಅದು ಅಂಕಿತನಾಮ. ಕೊನೆಯ ಹಂತದಲ್ಲಿ ಅರ್ಥದ ಅಗತ್ಯವೇ ಇಲ್ಲ. ಗುರುತಿಸುವುದಷ್ಟೇ ಅಂಕಿತನಾಮದ ಕೆಲಸ. ಗಿಡುಗದ ಬೇಟೆ ನಿಂತುಹೋದ ಮೇಲೆ ರೂಢನಾಮವೂ ಮಾತಿನಿಂದ ಮರೆಯಾಯಿತು. ಇಂದಿನ ವಿದ್ಯಾರ್ಥಿಗೆ ಸಾಳುವ ಎಂದರೆ ಪಠ್ಯಪುಸ್ತಕದ ಒಂದು ರಾಜವಂಶ ಮಾತ್ರ. ಹಕ್ಕಿ ಹಾರಿಹೋಗಿ ಹೆಸರು ಉಳಿದಿದೆ.

ಅರ್ಥ ಮಸುಕಾದ ಹೆಸರಿಗೆ ತಪ್ಪು ಬಂಧುಗಳು ಸೇರಿಕೊಳ್ಳುವ ಅಪಾಯವಿರುತ್ತದೆ. ಮಹಾಭಾರತದಲ್ಲಿ ಅಂಬೆ ಮನಸ್ಸಿನಲ್ಲಿ ವರಿಸಿದ್ದ ಅರಸನ ಹೆಸರು ಸಂಸ್ಕೃತದಲ್ಲಿ ಶಾಲ್ವ. ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದನ್ನು ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕ್ಷಳ ಎಂದು ಗುರುತಿಸಿದ್ದಾನೆ. ಆ ಪ್ರವೃತ್ತಿಯಂತೆ ಶಾಲ್ವನು ‘ಸಾಳ್ವ’ನಾದರೆ, ಸಾಳುವದ ಸಂಕುಚಿತ ರೂಪವಾದ ‘ಸಾಳ್ವ’ಕ್ಕೂ ಅದಕ್ಕೂ ಬರಹದಲ್ಲಿ ಭೇದ ಉಳಿಯದು. 16ನೆಯ ಶತಮಾನದ ಜೈನಕವಿ ಸಾಳ್ವನ ಕೃತಿಯನ್ನು ‘ಸಾಳ್ವ ಭಾರತ’ ಎಂದು ಕರೆಯುವಾಗ ಭಾರತಕಥೆಯ ಶಾಲ್ವ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿರುವುದು ಕವಿಯ ಹೆಸರು. ಇದೂ ಸಮರೂಪತೆಯೇ.

5. ಗರುಡನಿಂದ ಗಾರುಡಿಗನವರೆಗೆ

‘ಗರುಡ’ ಎಂಬ ಪದ ಸಂಸ್ಕೃತದಿಂದ ಬಂದದ್ದು. ಪುರಾಣದ ವಿಷ್ಣುವಾಹನಕ್ಕೂ, ಬಿಳಿಯ ತಲೆ–ಎದೆ ಮತ್ತು ಕಂದುಗೆಂಪು ಮೈಯ ನಿಜವಾದ ಹಕ್ಕಿಗೂ ಇದು ಹೆಸರು. ವಿಷ್ಣುವಿನ ದೇವಾಲಯದ ಮುಂದಿನ ಕಂಬ ಗರುಡಗಂಬ. ರಾಷ್ಟ್ರಕೂಟರ ತಾಮ್ರಶಾಸನಗಳ ಮುದ್ರೆಗಳಲ್ಲಿ ಗರುಡನ ಆಕೃತಿ ಇದೆ. ಈ ಬಳಕೆಗಳೆಲ್ಲ ಪುರಾಣಕ್ಕೆ ಹತ್ತಿರವಾದವು.

ಹೊಯ್ಸಳರ ಕಾಲದ ಬಳಕೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅರಸನನ್ನು ಪ್ರಾಣವಿಟ್ಟು ಕಾಯುವ, ಅವನು ಮಡಿದರೆ ತಾವೂ ಮಡಿಯುವ ವ್ರತ ತೊಟ್ಟ ಅಂಗರಕ್ಷಕರನ್ನು ಗರುಡರೆಂದು ಕರೆಯಲಾಗುತ್ತಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದರ ಹಳಗನ್ನಡ ಶಾಸನವು ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ ಹಾಗೂ ಅವನ ಸಂಗಡಿಗರ ಆತ್ಮಾರ್ಪಣೆಯನ್ನು ದಾಖಲಿಸುತ್ತದೆ. ಗರುಡನು ವಿಷ್ಣುವಿಗೆ ತೋರಿದ ನಿಷ್ಠೆಯೇ ಇಲ್ಲಿ ಅರ್ಥವಿಸ್ತಾರದ ತಳಹದಿ. ಇದನ್ನೂ ಗರುಡಗಂಬವೆಂದೇ ಕರೆಯುವ ವಾಡಿಕೆಯಿದೆ. ಹೀಗಾಗಿ ಒಂದೇ ಸಮಾಸವು ಒಂದು ಕಡೆ ದೇವವಾಹನದ ಕಂಬವನ್ನು, ಇನ್ನೊಂದು ಕಡೆ ವೀರನ ಸ್ಮಾರಕವನ್ನು ಹೇಳುತ್ತದೆ. ಎರಡರ ಮೂಲವೂ ಒಂದೇ ಆದ್ದರಿಂದ ಇದು ಬಹ್ವರ್ಥತೆ.

ಧಾರವಾಡದ ಓದುಗರಿಗೆ ಇನ್ನೂ ಪರಿಚಿತವಾದ ಕವಲು ‘ಗಾರುಡಿಗ’. ಗರುಡನು ಹಾವುಗಳ ವೈರಿ. ಆದ್ದರಿಂದ ಹಾವಿನ ವಿಷ ಇಳಿಸುವ ಮಂತ್ರ ಗಾರುಡ. ಆ ವಿದ್ಯೆ ಬಲ್ಲವನು ಸಂಸ್ಕೃತದಲ್ಲಿ ಗಾರುಡಿಕ. ಕಕಾರವು ಗಕಾರವಾಗಿ ಕನ್ನಡದಲ್ಲಿ ಗಾರುಡಿಗ. ವಿಷವೈದ್ಯನಿಂದ ಹಾವಾಡಿಸುವವನಿಗೆ, ಅವನಿಂದ ಕಣ್ಕಟ್ಟು ಮಾಡುವವನಿಗೆ ಅರ್ಥ ಹರಿಯಿತು. ಕೊನೆಗೆ ಮಾತಿನಲ್ಲಿಯೇ ಮೋಡಿ ಮಾಡುವವನನ್ನೂ ಅದು ತಲುಪಿತು. ಸಾಧನಕೇರಿಯ ದ. ರಾ. ಬೇಂದ್ರೆಯವರನ್ನು ಶಬ್ದಗಾರುಡಿಗ ಎಂದು ಕರೆಯುವಾಗ ಯಾರ ಮನಸ್ಸಿನಲ್ಲಿಯೂ ಹಕ್ಕಿ ಇರುವುದಿಲ್ಲ. ಆದರೂ ಹಕ್ಕಿ, ಹಾವು, ವಿಷ, ಮಂತ್ರ, ಮೋಡಿ, ಶಬ್ದ ಎಂಬ ಸರಪಳಿಯ ಪ್ರತಿಯೊಂದು ಕೊಂಡಿಯೂ ಹಿಂದಿನದಕ್ಕೆ ಗಟ್ಟಿಯಾಗಿ ಬೆಸೆದಿದೆ. ಎಲ್ಲೆಯ ಹದ್ದಿಗೂ ಹಕ್ಕಿಯ ಹದ್ದಿಗೂ ನಡುವೆ ಇಂತಹ ಒಂದು ಕೊಂಡಿಯೂ ಇಲ್ಲ. ರೂಪ ಒಂದೇ ಇದ್ದಲ್ಲಿ ಸಂಬಂಧವಿಲ್ಲ. ರೂಪ ಬದಲಾದಲ್ಲಿ ಸಂಬಂಧವಿದೆ. ರೂಪಸಾಮ್ಯವನ್ನು ಮಾತ್ರ ನಂಬಿ ಅರ್ಥಸಂಬಂಧವನ್ನು ಊಹಿಸಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

6. ಹೋಲಿಕೆಗೆ ಒಂದು ಇಂಗ್ಲಿಷ್ ಪದ

ಈ ಸ್ಥಿತಿ ಕನ್ನಡಕ್ಕಷ್ಟೇ ವಿಶಿಷ್ಟವಲ್ಲ. ಗಿಡುಗವನ್ನು ಹೇಳುವ ಇಂಗ್ಲಿಷಿನ ‘ಹಾಕ್’ ಪ್ರಾಚೀನ ಜರ್ಮಾನಿಕ್ ಪದ. ಜರ್ಮನ್ ಭಾಷೆಯ ‘ಹಾಬಿಖ್ಟ್’ ಅದರ ಜ್ಞಾತಿ. ಬೀದಿಯಲ್ಲಿ ಕೂಗಿ ಮಾರುವವನಿಗೆ ಹೇಳುವ ‘ಹಾಕರ್’ ಆ ಹಕ್ಕಿಯಿಂದ ಬಂದದ್ದಲ್ಲ. ಚಿಲ್ಲರೆ ವ್ಯಾಪಾರಿ ಎಂಬ ಅರ್ಥದ ಲೋ ಜರ್ಮನ್ ಪದವೊಂದು ಅದರ ಮೂಲ. ಗ್ರಾಹಕರ ಮೇಲೆ ಗಿಡುಗನಂತೆ ಎರಗುವವನೇ ಹಾಕರ್ ಎಂಬ ವಿವರಣೆ ರಂಜಕವಾದರೂ ಜನಪದ ವ್ಯುತ್ಪತ್ತಿ ಮಾತ್ರ. ಇದಕ್ಕೆ ವಿರುದ್ಧವಾಗಿ, ಯುದ್ಧವನ್ನು ಬಯಸುವ ರಾಜಕಾರಣಿಯನ್ನು ‘ಹಾಕ್’ ಎನ್ನುವುದು ಹಕ್ಕಿಯ ಹೆಸರಿನ ನಿಜವಾದ ರೂಪಕ. 1812ರ ಯುದ್ಧದ ಸಂದರ್ಭದಲ್ಲಿ ಅಮೆರಿಕದಲ್ಲಿ ಅದು ಪ್ರಸಿದ್ಧವಾಯಿತು.

ಅಂಕಿತನಾಮವಾದ ಹಾಕ್ ಕರ್ನಾಟಕಕ್ಕೂ ಬಂದಿದೆ. 2008ರಿಂದ ಬೀದರಿನ ವಾಯುನೆಲೆಯಲ್ಲಿ ತರಬೇತಿಗೆ ಬಳಸುವ ವಿಮಾನದ ಹೆಸರು ಹಾಕ್. ಅದನ್ನು ಯಾರೂ ಗಿಡುಗ ವಿಮಾನ ಎಂದು ಅನುವಾದಿಸುವುದಿಲ್ಲ. ಅಂಕಿತನಾಮವು ಅರ್ಥದಿಂದ ಕಳಚಿಕೊಂಡಿರುವುದರಿಂದ ಅನುವಾದವನ್ನು ಬೇಡುವುದಿಲ್ಲ. ಕ್ರಿಕೆಟ್ಟಿನಲ್ಲಿ ಚೆಂಡಿನ ಹಾದಿಯನ್ನು ತೋರಿಸುವ ‘ಹಾಕ್-ಐ’ ತಂತ್ರಜ್ಞಾನದ ಹೆಸರಿನಲ್ಲಿ ಹಕ್ಕಿಯ ಕಣ್ಣೂ ಇದೆ, ಅದನ್ನು ರೂಪಿಸಿದ ಪಾಲ್ ಹಾಕಿನ್ಸ್ ಅವರ ಹೆಸರಿನ ಮೊದಲ ಭಾಗವೂ ಇದೆ. ಕನ್ನಡದಲ್ಲಿ ‘ಹದ್ದಿನ ಕಣ್ಣು’ ಎಂದರೆ ಹಕ್ಕಿ ಉಳಿಯುತ್ತದೆ, ವ್ಯಕ್ತಿ ಕಳೆದುಹೋಗುತ್ತಾನೆ.

7. ಭೇದವನ್ನು ಮರೆತರೆ ಆಗುವ ಹಾನಿ

ಈ ವಿವೇಚನೆಯ ಪ್ರಯೋಜನ ಮೂರು ಕ್ಷೇತ್ರಗಳಲ್ಲಿ ಸ್ಪಷ್ಟವಾಗುತ್ತದೆ.

ಮೊದಲನೆಯದು ನಿಘಂಟು. ಧಾರವಾಡದೊಂದಿಗೆ ನಿಕಟ ಸಂಬಂಧವಿದ್ದ ಫರ್ಡಿನಾಂಡ್ ಕಿಟೆಲ್ಲರ 1894ರ ನಿಘಂಟು ಸಮರೂಪ ಪದಗಳನ್ನು ಅಂಕಿಗಳಿಂದ ಬೇರ್ಪಡಿಸಿ ತೋರಿಸುವ ಕ್ರಮವನ್ನು ಅನುಸರಿಸಿತು. ಇಂದು ತಯಾರಾಗುವ ಸಂಕ್ಷಿಪ್ತ ನಿಘಂಟುಗಳೂ ಗಣಕ ಪದಕೋಶಗಳೂ ಈ ಶಿಸ್ತನ್ನು ಕೈಬಿಡಬಾರದು. ‘ಹದ್ದು’ವಿಗೆ ಎರಡು ಸ್ವತಂತ್ರ ನಮೂದುಗಳು ಬೇಕು. ‘ಹದ್ದಿನ ಕಣ್ಣು’ ಮೊದಲನೆಯದರ ಅಡಿಯಲ್ಲಿ, ‘ಹದ್ದು ಮೀರು’, ‘ಹದ್ದುಬಸ್ತು’, ‘ಸರಹದ್ದು’ ಎರಡನೆಯದರ ಅಡಿಯಲ್ಲಿ ಬರಬೇಕು.

ಎರಡನೆಯದು ಭೂದಾಖಲೆ. ನೆರೆಹೊಲದವರ ನಡುವಿನ ವ್ಯಾಜ್ಯದಲ್ಲಿ ಹದ್ದುಬಸ್ತಿನ ನಕಾಶೆಯೇ ಆಧಾರ. ಅಂತಹ ಕಾಗದವನ್ನು ಅನ್ಯಭಾಷೆಗೆ ಒಯ್ಯುವಾಗ, ಅದರಲ್ಲಿಯೂ ಯಂತ್ರಾನುವಾದದಿಂದ ಒಯ್ಯುವಾಗ, ಪದಕೋಶದಲ್ಲಿ ಎರಡೂ ಹದ್ದುಗಳು ಒಂದೇ ನಮೂದಿನಲ್ಲಿದ್ದರೆ ಎಲ್ಲೆಯ ಜಾಗದಲ್ಲಿ ಹಕ್ಕಿ ಕುಳಿತುಕೊಳ್ಳಬಹುದು. ಸಾಹಿತ್ಯದಲ್ಲಿ ಇದು ನಗೆಯ ವಿಷಯ. ರೈತನ ಅರ್ಧ ಎಕರೆಯ ಪ್ರಶ್ನೆ ಬಂದಾಗ ಅಲ್ಲ.

ಮೂರನೆಯದು ಪಕ್ಷಿಸಂರಕ್ಷಣೆ. ‘ರಣಹದ್ದು’ ಎಂಬ ಸಮಾಸದ ಮುಖ್ಯಪದ ಹದ್ದು. ಆದ್ದರಿಂದ ಅದು ಹದ್ದಿನ ಒಂದು ಬಗೆ ಎಂಬ ಭಾವನೆಯನ್ನು ರಚನೆಯೇ ಮೂಡಿಸುತ್ತದೆ. ಹಿಂದಿಯಲ್ಲಿ ಇವೆರಡಕ್ಕೆ ಗೃಧ್ರದಿಂದ ಬಂದ ಗಿದ್ಧ್ ಮತ್ತು ಚೀಲ್, ತೆಲುಗಿನಲ್ಲಿ ರಾಬಂದು ಮತ್ತು ಗದ್ದ ಎಂಬ ಸಂಬಂಧವಿಲ್ಲದ ಪದಗಳಿವೆ. ಕನ್ನಡದಲ್ಲಿ ಹಾಗಿಲ್ಲ. 1990ರ ದಶಕದಿಂದ ಭಾರತದ ಮೂರು ಪ್ರಮುಖ ರಣಹದ್ದು ಪ್ರಭೇದಗಳ ಸಂಖ್ಯೆ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಔಷಧಿ ಸತ್ತ ಜಾನುವಾರುಗಳ ಮಾಂಸದ ಮೂಲಕ ಅವುಗಳಿಗೆ ವಿಷವಾಯಿತು. 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಆದರೆ ಕಪ್ಪುಗಂದು ಹದ್ದುಗಳು ನಗರಗಳ ಮಾರುಕಟ್ಟೆ, ಕಸದ ರಾಶಿಗಳ ಮೇಲೆ ಇಂದಿಗೂ ಹಿಂಡಾಗಿ ಸುಳಿಯುತ್ತವೆ. ತಲೆಬರಹದಲ್ಲಿ ‘ರಣ’ ಬಿಟ್ಟು ‘ಹದ್ದುಗಳು ಅಳಿವಿನಂಚಿನಲ್ಲಿ’ ಎಂದು ಬರೆದರೆ, ದಿನವೂ ಆಕಾಶದಲ್ಲಿ ಹದ್ದು ಕಾಣುವ ಓದುಗರು ಅದನ್ನು ನಂಬುವುದಾದರೂ ಹೇಗೆ? ಪದದ ಅರ್ಧವನ್ನು ಬಿಟ್ಟಾಗ ಹಕ್ಕಿಯ ಸಂಕಟವೂ ಕಣ್ಣಿಂದ ಮರೆಯಾಗುತ್ತದೆ.

8. ಉಪಸಂಹಾರ

ಬೇಟೆಹಕ್ಕಿಗಳ ಹೆಸರುಗಳ ಬಳಕೆಗಳು ಮೂರು ಭಿನ್ನ ದಾರಿಗಳಿಂದ ಬಂದಿವೆ. ಹದ್ದಿನ ಕಣ್ಣು, ಹೊಯ್ಸಳರ ಗರುಡರು ಮತ್ತು ಶಬ್ದಗಾರುಡಿಗ ಅರ್ಥವಿಸ್ತಾರದಿಂದ ಬಂದವು. ಎಲ್ಲೆಯ ಹದ್ದು ಎರವಲು ಮತ್ತು ಧ್ವನಿಬದಲಾವಣೆಗಳು ಸಂಧಿಸಿದ ಫಲ. ಸಾಳುವವು ರೂಢನಾಮದಿಂದ ಅಂಕಿತನಾಮಕ್ಕೆ ಸರಿದ ಪದ. ಇವನ್ನು ಬೇರ್ಪಡಿಸಲು ಜ್ಞಾತಿಪದಗಳ ಹೋಲಿಕೆ, ಆದೇಶ ಪರೀಕ್ಷೆ ಮತ್ತು ಸಹಪ್ರಯೋಗದ ಪರಿಶೀಲನೆ ಎಂಬ ಮೂರು ಸಾಧನಗಳು ಸಾಕಾಗುತ್ತವೆ.

ಗಿಡುಗ, ಡೇಗೆ, ಸಾಳುವ ಮುಂತಾದ ಹೆಸರುಗಳಿಗೆ ನಿಘಂಟುಗಳು ಸಾಮಾನ್ಯವಾಗಿ ಶ್ಯೇನ ಎಂಬ ಒಂದೇ ಅರ್ಥವನ್ನು ಕೊಟ್ಟು ಮುಂದೆ ಸಾಗುತ್ತವೆ. ನಗರದ ಮಾತಿನಲ್ಲಿ ಎಲ್ಲ ಬೇಟೆಹಕ್ಕಿಗಳೂ ಹದ್ದುಗಳೇ ಆಗುತ್ತಿವೆ. ಯಾವ ಹೆಸರು ಯಾವ ಹಕ್ಕಿಗೆ, ಯಾವ ಸೀಮೆಯಲ್ಲಿ ಸಲ್ಲುತ್ತದೆ ಎಂಬುದನ್ನು ಹಳ್ಳಿಗಳ ಹಿರಿಯರಿಂದ ಕೇಳಿ, ಹಕ್ಕಿಯ ಚಿತ್ರ ತೋರಿಸಿ ದಾಖಲಿಸುವ ಕೆಲಸ ಉಪಭಾಷಾ ಅಧ್ಯಯನದ ತುರ್ತು ಕರ್ತವ್ಯ. ಧಾರವಾಡ, ಹಾವೇರಿ, ಗದಗ ಜಿಲ್ಲೆಗಳಿಂದ ಅದನ್ನು ಆರಂಭಿಸಬಹುದು. ಆ ದಾಖಲೆ ದೊರೆತ ಮೇಲೆಯೇ ಗಿಡುಗ ಮತ್ತು ಡೇಗೆಗಳ ನಮೂದುಗಳನ್ನು ಸರಿಯಾಗಿ ಬರೆಯಲು ಸಾಧ್ಯ.